ಯಾರದೂ ಅಲ್ಲದ ದನ: ಒಂದು ಹಳ್ಳಿಯ ದೊಡ್ಡಿಯ ಪ್ರಕರಣ

ನಾನು ಮೊದಲ ಸಲ ಆ ಊರಿಗೆ ಹೋದಾಗ ದೊಡ್ಡಿಯಲ್ಲಿ, ಅಂದರೆ ಬೆಳೆಗೆ ನುಗ್ಗಿದ ದನವನ್ನು ಹಿಡಿದು ಕೂಡುವ ಜಾಗದಲ್ಲಿ, ದನ ಇರಲಿಲ್ಲ. ಹಳೇ ಬೀದಿ ದೀಪದ ಕಂಬಗಳು, ಒಡೆದ ನೀರಿನ ಟ್ಯಾಂಕು, ತುಕ್ಕು ಹಿಡಿದ ಬೋರ್‌ವೆಲ್ ಪೈಪು ಬಿದ್ದಿದ್ದವು. ಒಂದು ಕಡೆಯ ಕಲ್ಲಿನ ಗೋಡೆ ಕುಸಿದಿತ್ತು. ಅದರ ಪಕ್ಕದ ರಸ್ತೆಯಲ್ಲೇ ಏಳೆಂಟು ದನ ಮಲಗಿದ್ದವು. "ಇವು ಯಾರವು?" ಅಂತ ಕೇಳಿದೆ. ಟೀ ಅಂಗಡಿಯವರು ನಕ್ಕರು. "ಯಾರವೂ ಅಲ್ಲ ಸಾರ್. ಪಕ್ಕದೂರಿನವರು ಬಂದು ಬಿಟ್ಟು ಹೋಗ್ತಾರೆ."

ಆ ಉತ್ತರ ಸುಳ್ಳು ಅಂತ ಗೊತ್ತಾಗೋಕೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಹಳೇ ಮೈಸೂರು ಸೀಮೆಯ ಒಂದು ರಾಗಿ ಊರು ಇದು. ಹೆಸರು ಹೇಳುವುದಿಲ್ಲ. ಜನರ ಗುರುತು ಸಿಗುವಂಥ ಕೆಲವು ವಿವರಗಳನ್ನು ಬೇಕೆಂದೇ ಬದಲಾಯಿಸಿದ್ದೇನೆ. ನಾನು ಆಗ ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೆ. ಹಾಗಾಗಿ ಈ ಗಲಾಟೆಯನ್ನು ಹತ್ತಿರದಿಂದ ನೋಡಿದೆ. ಒಂದೆರಡು ಕಡೆ ತಪ್ಪು ಸಲಹೆಯನ್ನೂ ಕೊಟ್ಟೆ.

ಹಳೆಯ ಕಟ್ಟಳೆ

ಬೀಡಾಡಿ ದನ ಅಂದ ಕೂಡಲೇ ಜನರ ಸೋಮಾರಿತನ ಅಂತ ಹೇಳಿಬಿಡುವುದು ಸುಲಭ. ಈ ಊರಿನಲ್ಲಿ ಹಾಗಿರಲಿಲ್ಲ. ಇಲ್ಲಿ ಒಂದು ಕಟ್ಟುನಿಟ್ಟಾದ ನಿಯಮವೇ ಇತ್ತು. ಬರೆದಿರಲಿಲ್ಲ ಅಷ್ಟೇ.

ಮುಂಗಾರಿಗೆ ಹೊಲ ಉತ್ತ ಮೇಲೆ ದನವನ್ನು ಕಟ್ಟಿ ಸಾಕಬೇಕು, ಇಲ್ಲವೇ ಕಾಯಬೇಕು. ರಾಗಿ ಕೊಯ್ದು, ಮೆದೆ ಒಟ್ಟಿ, ಕಣದ ಕೆಲಸ ಮುಗಿದು ಸಂಕ್ರಾಂತಿ ಆದ ಮೇಲೆ ಕಣ್ಣಿ ಬಿಚ್ಚಬಹುದು. ಅಲ್ಲಿಂದ ಮುಂದಿನ ಮಳೆಯವರೆಗೆ ಊರಿನ ಹೊಲವೆಲ್ಲ ಎಲ್ಲರ ದನಕ್ಕೂ ಮೇವಿನ ಜಾಗ. ದನಕ್ಕೆ ಕೂಳೆ ಸಿಗುತ್ತಿತ್ತು, ಹೊಲಕ್ಕೆ ಸಗಣಿ ಬೀಳುತ್ತಿತ್ತು. ಯಾರ ಹೊಲ, ಯಾರ ದನ ಅಂತ ಆ ಮೂರು ತಿಂಗಳು ಯಾರೂ ಕೇಳುತ್ತಿರಲಿಲ್ಲ. ಕುರಿಯವರು ಬಂದರೆ ಕರೆದು ಕಾಳು ಕೊಟ್ಟು ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು.

ಬೆಳೆ ಇರುವಾಗ ದನ ನುಗ್ಗಿದರೆ ಅದನ್ನು ದೊಡ್ಡಿಗೆ ಹೊಡೆಯುತ್ತಿದ್ದರು. ಉತ್ತರ ಕರ್ನಾಟಕದ ಕಡೆ ಇದನ್ನೇ ಕೊಂಡವಾಡ ಅನ್ನುತ್ತಾರೆ. ಕಾಯುವವರು ತಳವಾರರ ಮನೆಯವರು. ಅವರಿಗೆ ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಒಂದಿಷ್ಟು ರಾಗಿ ಸಲ್ಲುತ್ತಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕುವ ಕಾಯ್ದೆ 1961ರಲ್ಲಿ ಬಂತು. ಹುಟ್ಟಿನಿಂದ ಬರುವ ಚಾಕರಿ ಹೋದದ್ದು ಒಳ್ಳೆಯದೇ. ಆದರೆ ದನ ಹಿಡಿದು ದೊಡ್ಡಿಗೆ ತರುವ ಕೆಲಸ ಇನ್ನು ಯಾರದು ಅಂತ ಊರಿನಲ್ಲಿ ಯಾರೂ ತೀರ್ಮಾನ ಮಾಡಲಿಲ್ಲ. ಆ ಮನೆಯ ಹಿರಿಯರೊಬ್ಬರು ಅಭ್ಯಾಸಬಲದಿಂದ ಇನ್ನೂ ಎಷ್ಟೋ ವರ್ಷ ಮಾಡಿದರು. ಅವರ ಮಗ ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋದ. ಅಲ್ಲಿಗೆ ದೊಡ್ಡಿಯ ಬಾಗಿಲು ಮುಚ್ಚಿತು.

ಗೋಮಾಳದ ಕತೆ ಎಲ್ಲ ಊರಿನದೂ ಒಂದೇ. ಭೂಕಂದಾಯ ನಿಯಮದ ಪ್ರಕಾರ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಬಿಡಬೇಕು. ಪಹಣಿಯಲ್ಲಿ ಗೋಮಾಳ ಇತ್ತು. ಸ್ಥಳದಲ್ಲಿ ನೀಲಗಿರಿ ತೋಪು, ಆಶ್ರಯ ಮನೆಗಳು, ಶಾಲೆಯ ಮೈದಾನ ಇದ್ದವು. ಉಳಿದದ್ದಕ್ಕೆ ಬಗರ್ ಹುಕುಂ ಅರ್ಜಿಗಳು, ಅಂದರೆ ಸರ್ಕಾರಿ ಜಮೀನು ಉಳುತ್ತಿರುವವರು ಅದನ್ನು ತಮಗೆ ಸಕ್ರಮ ಮಾಡಿಕೊಡಿ ಅಂತ ಹಾಕುವ ಅರ್ಜಿಗಳು, ಬಿದ್ದಿದ್ದವು. ಫಾರಂ 50, 53, 57, ಎಲ್ಲ ಕಾಲದವೂ.

ಎರಡು ಲೆಕ್ಕ ತಪ್ಪಿದ್ದು

ಮೊದಲನೆಯದು ಬೋರ್‌ವೆಲ್. ಊರಿನ ನಡುವೆ ಒಂದು ಹಳ್ಳ ಹರಿಯುತ್ತದೆ. ಅದರ ಪಡುವಣ ದಿಕ್ಕಿನ ಹೊಲಗಳಲ್ಲಿ ನೀರು ಸಿಕ್ಕಿತು. ಅಲ್ಲಿ ಟೊಮೆಟೊ, ಮೆಣಸಿನಕಾಯಿ, ಬೀನ್ಸ್ ಬಂದವು. ಸಂಕ್ರಾಂತಿ ಆದ ಮೇಲೆ ನಾಟಿ, ಯುಗಾದಿಯ ಸುಮಾರಿಗೆ ಕೊಯ್ಲು. ಹಳೆಯ ಕಟ್ಟಳೆಯಲ್ಲಿ ದನ ಬಿಡುವ ಕಾಲವೂ ಅದೇ. ದನ ಬಿಟ್ಟವರು ಅಜ್ಜನ ಕಾಲದಿಂದ ನಡೆದದ್ದನ್ನೇ ಮಾಡುತ್ತಿದ್ದರು. ಬೆಳೆ ಇಟ್ಟವರು ತಮ್ಮ ಹೊಲದಲ್ಲಿ ತಮ್ಮ ಸಾಲದ ದುಡ್ಡು ಸುರಿದಿದ್ದರು. ಇಬ್ಬರ ಮಾತೂ ನ್ಯಾಯವೇ ಅಲ್ವಾ?

ಎರಡನೆಯದು ಗಂಡು ಕರು. ಊರಿನಲ್ಲಿ ಹಾಲಿನ ಡೈರಿ ಬಂದು, ಸೀಮೆ ಹಸು ಬಂದವು. ಹೆಣ್ಣು ಕರು ಹುಟ್ಟಿದರೆ ಹಬ್ಬ. ಗಂಡು ಕರು ಹುಟ್ಟಿದರೆ ತಲೆನೋವು. ಉಳಲು ಟ್ರ್ಯಾಕ್ಟರ್ ಇದೆ. ಸೀಮೆ ಹೋರಿಗೆ ಹಿಣಿಲು ಇಲ್ಲ, ನೊಗ ಸರಿಯಾಗಿ ಕೂರುವುದಿಲ್ಲ, ಬಿಸಿಲು ತಡೆಯುವುದಿಲ್ಲ. ಮೊದಲು ವ್ಯಾಪಾರಿಗಳು ಬಂದು ಒಂದಿಷ್ಟು ಕೊಟ್ಟು ಹೊಡೆದುಕೊಂಡು ಹೋಗುತ್ತಿದ್ದರು. 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರಲ್ಲಿ ಜಾರಿಗೆ ಬಂದ ಮೇಲೆ ಅವರು ಈ ಊರಿಗೆ ಬರುವುದು ನಿಂತಿತು. ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಊರಿನ ಕೊಟ್ಟಿಗೆಯಲ್ಲಿ ಏನಾಯ್ತು ಅನ್ನುವುದಷ್ಟೇ ನನಗೆ ಬೇಕಾದ್ದು. ಮಾರಲು ಆಗದ, ದುಡಿಸಲು ಆಗದ, ಆದರೆ ದಿನಾ ಮೇವು ತಿನ್ನುವ ಪ್ರಾಣಿ ಒಂದು ಕೊಟ್ಟಿಗೆಯಲ್ಲಿ ನಿಂತಿತು. ಒಂದು ದಿನ ಸಂಜೆ ಅದರ ಹಗ್ಗ ಬಿಚ್ಚಿದರು. ಮತ್ತೆ ಯಾರೂ ಹುಡುಕಿಕೊಂಡು ಹೋಗಲಿಲ್ಲ.

ಜಗಳ ಶುರುವಾದದ್ದು

2021ರ ಫೆಬ್ರವರಿಯಲ್ಲಿ ಒಂದು ರಾತ್ರಿ ಹಳ್ಳದ ಪಡುವಣಕ್ಕಿದ್ದ ಒಂದು ಎಕರೆ ಟೊಮೆಟೊ ಹೊಲಕ್ಕೆ ದನ ನುಗ್ಗಿದವು. ಕಡ್ಡಿ ನಿಲ್ಲಿಸಿ, ದಾರ ಎಳೆದು ಕಟ್ಟಿದ್ದ ಗಿಡ. ತಿಂದದ್ದಕ್ಕಿಂತ ತುಳಿದದ್ದು ಜಾಸ್ತಿ. ಬೆಳಗ್ಗೆ ಆ ರೈತ ಕೈಗೆ ಸಿಕ್ಕ ನಾಲ್ಕು ದನ ಹಿಡಿದು ತನ್ನ ಮನೆ ಮುಂದೆ ಕಟ್ಟಿಹಾಕಿದ. "ಯಾರವೋ ಅವರು ಬಂದು ಕಾಸು ಇಟ್ಟು ಬಿಡಿಸ್ಕೊಂಡು ಹೋಗ್ಲಿ" ಅಂದ. ಒಬ್ಬರೂ ಬರಲಿಲ್ಲ. ಮೂರನೇ ದಿನ ಮೇವು ನೀರು ಹಾಕಿ ಸಾಕಾಗಿ ಅವನೇ ಬಿಟ್ಟ. ಪೊಲೀಸರ ಹತ್ತಿರ ಹೋದರೆ "ಇದನ್ನ ಪಂಚಾಯ್ತಿಲೇ ಬಗೆಹರಿಸ್ಕೊಳ್ಳಿ" ಅಂದರು.

ಆಗಷ್ಟೇ ಪಂಚಾಯ್ತಿ ಚುನಾವಣೆ ಮುಗಿದು ಹೊಸ ಅಧ್ಯಕ್ಷೆ ಬಂದಿದ್ದರು. ಮೊದಲ ಸಲ ಗೆದ್ದವರು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ಮೊದಲ ಸಭೆಯಲ್ಲೇ ಈ ದೂರು ಬಂತು. ಜೊತೆಗೆ ನಾಯಿ, ಮಂಗ, ಹಂದಿ ಎಲ್ಲದರ ಮೇಲೂ ದೂರು ಬಂತು. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಒಂದು ಬುದ್ಧಿವಂತಿಕೆ ಮಾಡಿದರು. ಮಂಗ ಮತ್ತು ಕಾಡುಹಂದಿ ಅರಣ್ಯ ಇಲಾಖೆಗೆ ಸೇರಿದ್ದು ಅಂತ ಬರೆದು ಪಕ್ಕಕ್ಕಿಟ್ಟರು. ನಾಯಿಗಳನ್ನು ಹಿಡಿದು ದೂರ ಬಿಟ್ಟು ಬರುವಂತಿಲ್ಲ, ಸಂತಾನಹರಣ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ ಹಿಡಿದ ಜಾಗದಲ್ಲೇ ಬಿಡಬೇಕು ಅಂತ ನಿಯಮ ಇರುವುದನ್ನು ಹೇಳಿದರು. ಕೈಲಾಗುವ ಒಂದೇ ವಿಷಯ ಮೊದಲು ಹಿಡಿಯೋಣ ಅಂದರು. ಅದು ದನ.

ದಂಡ ಹಾಕಿ ನೋಡಿದ್ದು

ದಂಡ ಹಾಕಿ ಅಂತ ಹೇಳಿದ್ದು ನಾನೇ. ಒಂದು ದನಕ್ಕೆ 500 ರೂಪಾಯಿ. ಮೇವಿನ ಖರ್ಚು ಬೇರೆ. ದೊಡ್ಡಿಯ ಕಂಬ, ಪೈಪು ಖಾಲಿ ಮಾಡಿಸಿ, ಬಿದ್ದ ಗೋಡೆಗೆ ಮುಳ್ಳು ಬೇಲಿ ಕಟ್ಟಿಸಿದರು. ಡಂಗುರ ಹೊಡೆಸುವ ಬದಲು ಆಟೋಗೆ ಮೈಕು ಕಟ್ಟಿ ಸಾರಿದರು.

ಮೂರು ತಿಂಗಳಲ್ಲಿ ವಸೂಲಾದದ್ದು ಎರಡೇ ದಂಡ. ಎರಡೂ ಮೇಕೆ ಸಾಕುವ ಬಡವರಿಂದ. ಅದರಲ್ಲಿ ಒಬ್ಬರು ಒಂಟಿ ಅಜ್ಜಿ. ಎಂಟು ಮೇಕೆಯೇ ಅವರ ಜೀವನ. ಮೇಕೆಗೆ ಬೆಲೆ ಇದೆ, ಅದಕ್ಕೇ ಅಜ್ಜಿ ಸಾಲ ಮಾಡಿ ಬಂದು ಬಿಡಿಸಿಕೊಂಡರು. ದನಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಆರು ದನ ಒಂಬತ್ತು ದಿನ ದೊಡ್ಡಿಯಲ್ಲಿ ನಿಂತವು. ಹುಲ್ಲಿಗೆ ಪಿಡಿಒ ತಮ್ಮ ಕೈಯಿಂದ ದುಡ್ಡು ಹಾಕಿದರು. ನೀರನ್ನು ವಾಟರ್‌ಮ್ಯಾನ್ ಹೊತ್ತರು. ಹತ್ತನೇ ದಿನ ಬೆಳಗ್ಗೆ ಬೇಲಿ ಸರಿದಿತ್ತು, ದೊಡ್ಡಿ ಖಾಲಿ. ಯಾರು ಬಿಟ್ಟರು ಅಂತ ಯಾರೂ ವಿಚಾರಿಸಲಿಲ್ಲ. ಪಿಡಿಒ ಮುಖದಲ್ಲಿ ಒಂದು ಥರ ಸಮಾಧಾನವೇ ಕಂಡಿತು ನನಗೆ.

ಆಮೇಲೆ ನಾನು ಹಳೇ ಕಾನೂನನ್ನು ತೆಗೆದು ಓದಿದೆ. ಮೊದಲೇ ಓದಬೇಕಿತ್ತು. ದನ ನುಗ್ಗುವುದಕ್ಕೆ ಬ್ರಿಟಿಷರು 1871ರಲ್ಲೇ ಕಾಯ್ದೆ ಮಾಡಿದ್ದರು. ಅದರಲ್ಲಿ ದನ ಅಂದರೆ ಆನೆಯಿಂದ ಮೇಕೆಯವರೆಗೆ ಎಲ್ಲವೂ. ಆನೆಗೆ 2 ರೂಪಾಯಿ ದಂಡ, ಎಮ್ಮೆಗೆ 8 ಆಣೆ, ಹಸು ಎತ್ತಿಗೆ 4 ಆಣೆ, ಕುರಿ ಮೇಕೆಗೆ 1 ಆಣೆ. ಹಿಡಿದ ದನವನ್ನು 24 ಗಂಟೆ ಒಳಗೆ ದೊಡ್ಡಿಗೆ ತಲುಪಿಸಬೇಕು. ಒಡೆಯ ದಂಡ, ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು. ಬರದಿದ್ದರೆ ಹರಾಜು. ಕರ್ನಾಟಕಕ್ಕೆ 1966ರಲ್ಲಿ ನಮ್ಮದೇ ಕಾಯ್ದೆ ಬಂತು.

ಓದುತ್ತಾ ಹೋದಂತೆ ನಮ್ಮ ತಪ್ಪು ಗೊತ್ತಾಯಿತು. ಈ ದೊಡ್ಡಿ ಎಂಬ ಏರ್ಪಾಡು ಪೂರ್ತಿ ನಿಂತಿರುವುದು ಹರಾಜಿನ ಭಯದ ಮೇಲೆ. ಎತ್ತು ಅಂದರೆ ಒಂದು ಮನೆಯ ಆಸ್ತಿ. ಅದನ್ನು ಕಳೆದುಕೊಳ್ಳುವುದಕ್ಕಿಂತ 4 ಆಣೆ ಕಟ್ಟುವುದು ಲಾಭ. ಈಗ ನಾವು ಹಿಡಿದಿದ್ದ ಗಂಡು ಕರುವಿಗೆ ಬೆಲೆಯೇ ಇಲ್ಲ, ದಂಡ ಮಾತ್ರ 500. ದಂಡವೇ ಕರುವಿಗಿಂತ ದುಬಾರಿ. ಬಿಟ್ಟವರಿಗೆ ಅದು ದೊಡ್ಡಿ ಸೇರಿದ್ದು ಸಂತೋಷದ ಸುದ್ದಿ. ಪಂಚಾಯ್ತಿ ಖರ್ಚಿನಲ್ಲಿ ಸಾಕಲು ಒಂದು ಜಾಗ ಸಿಕ್ಕಿತಲ್ಲ! ಹರಾಜು ಕೂಗಿದರೆ ಕೊಳ್ಳುವವರೂ ಇಲ್ಲ. ಹಾಗಾಗಿ ಬೆಲೆ ಇರುವ ಪ್ರಾಣಿ ಸಾಕಿದವರೇ ಸಿಕ್ಕಿಬಿದ್ದರು.

ಆಮೇಲೆ ಗೋಶಾಲೆಗೆ ಕಳಿಸುವ ಯೋಚನೆ ಮಾಡಿದರು. ಹತ್ತಿರದ ಒಂದು ಗೋಶಾಲೆಯವರು ಜಾಗ ಇಲ್ಲ ಅಂದರು. ಗಾಡಿಯಲ್ಲಿ ದನ ಸಾಗಿಸಲು ಕಾಗದ ಪತ್ರ ಬೇಕು, ಡ್ರೈವರುಗಳು ಹೆದರಿದರು. ಅಲ್ಲಿಗೆ ಅದು ಮುಗಿಯಿತು.

ಕರೆಂಟು ಬೇಲಿ

2022ರ ಶುರುವಿನಲ್ಲಿ ಒಬ್ಬಾಕೆಯ ಹಾಲು ಕರೆಯುವ ಹಸು ಪಡುವಣ ಹೊಲದ ಬೇಲಿಯ ಹತ್ತಿರ ಸತ್ತು ಬಿದ್ದಿತ್ತು. ಯಾರೋ ಪಂಪ್‌ಸೆಟ್ ಲೈನಿನಿಂದ ನೇರ ತಂತಿಗೆ ಕರೆಂಟು ಕೊಟ್ಟಿದ್ದರು. ಸೋಲಾರ್ ಬೇಲಿ ಬಿಟ್ಟು ಬಿಟ್ಟು ಹೊಡೆಯುತ್ತದೆ. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ. ಲೈನಿನ ಕರೆಂಟು ಹಾಗಲ್ಲ, ಜೀವ ತೆಗೆಯುತ್ತದೆ. ಅದು ಅಪರಾಧ ಕೂಡ. ಬೆಳಗ್ಗೆ ಜನ ಸೇರುವಷ್ಟರಲ್ಲಿ ತಂತಿ ಮಾಯವಾಗಿತ್ತು.

ಆ ಹೆಣ್ಣುಮಗಳು ಅತ್ತದ್ದಕ್ಕಿಂತ ಅಲ್ಲಿದ್ದ ಒಬ್ಬ ಮುದುಕರು ಹೇಳಿದ ಮಾತು ಊರನ್ನು ತಟ್ಟಿತು. "ಅದೇ ದಾರೀಲಿ ಬೆಳಗಿನ ಜಾವ ಹೆಣ್ಣುಮಕ್ಕಳು ಹೋಗ್ತಾರೆ ಕಣ್ರಪ್ಪಾ." ಅಲ್ಲಿಯವರೆಗೆ ಇದು ಬೆಳೆಯವರು ಮತ್ತು ದನದವರ ಜಗಳವಾಗಿತ್ತು. ಅವತ್ತಿನಿಂದ ಎಲ್ಲರಿಗೂ ಭಯವಾಯಿತು. ಮುಂದಿನ ಗ್ರಾಮಸಭೆಗೆ ಕುರ್ಚಿ ಸಾಲಲಿಲ್ಲ. ಗ್ರಾಮಸಭೆ ಅಂದರೆ ಸಹಿ ಹಾಕಿ ಟೀ ಕುಡಿದು ಹೋಗುವುದು ಅಂದುಕೊಂಡಿದ್ದವರೂ ಕೂತರು.

ಆದರೆ ಸಭೆಯಲ್ಲಿ ಮತ್ತೆ ಅದೇ ಮಾತು: ಈ ದನ ನಮ್ಮವಲ್ಲ, ಪಕ್ಕದೂರಿನವು.

ಹಳದಿ ಓಲೆ

ಕಾಲುಬಾಯಿ ಜ್ವರದ ಲಸಿಕೆ ಹಾಕುವ ತಂಡ ಊರಿಗೆ ಬಂದದ್ದು ಆಮೇಲೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಲಸಿಕೆ ಹಾಕಿದ ದನದ ಕಿವಿಗೆ ಹಳದಿ ಓಲೆ ಹಾಕುತ್ತಾರೆ. ಓಲೆಯ ಮೇಲೆ 12 ಅಂಕಿಯ ನಂಬರು. ಕಂಪ್ಯೂಟರಿನಲ್ಲಿ ಆ ನಂಬರಿಗೆ ಮಾಲೀಕರ ಹೆಸರು ಸೇರಿಸಿರುತ್ತಾರೆ. ಲಸಿಕೆಯವರು ರಸ್ತೆಯ ದನಕ್ಕೂ ಹಾಕಬೇಕು ಅಂತ ಹಗ್ಗ ಹಾಕಿ ಹಿಡಿದರು. ಅಧ್ಯಕ್ಷೆ ಅಲ್ಲೇ ನಿಂತಿದ್ದರು. "ಅದರ ಓಲೆ ನಂಬರು ಓದಿ ಸಾರ್, ಬರ್ಕೋತೀನಿ" ಅಂದರು.

ಹದಿನಾಲ್ಕು ದನ. ಐದಕ್ಕೆ ಓಲೆ ಇತ್ತು. ಆರಕ್ಕೆ ಇರಲಿಲ್ಲ, ಎಲ್ಲ ಎಳೆಯ ಗಂಡು ಕರುಗಳು. ಉಳಿದ ಮೂರರ ಕಿವಿ ಹರಿದಿತ್ತು. ಓಲೆಯನ್ನು ಯಾರೋ ಕಿತ್ತಿದ್ದರು.

ಓಲೆ ಇದ್ದ ಐದೂ ಇದೇ ಊರಿನವು. ಅದರಲ್ಲಿ ಒಂದು ಟೊಮೆಟೊ ಹಾಳಾಯಿತು ಅಂತ ಮೊದಲು ದೂರು ಕೊಟ್ಟ ರೈತನ ಮನೆಯದೇ. ಅವನ ತಂದೆಯ ಹೆಸರಿನಲ್ಲಿತ್ತು.

ಇಡೀ ಪ್ರಕರಣದ ತಿರುವು ಇಲ್ಲಿದೆ. ಪಟ್ಟಿ ಕೈಯಲ್ಲಿತ್ತು. ಏನು ಮಾಡುವುದು? ಗ್ರಾಮಸಭೆಯಲ್ಲಿ ಹೆಸರು ಓದಿಬಿಡಿ ಅಂತ ನಾನು ಹೇಳಿದೆ. ಮುಚ್ಚುಮರೆ ಇರಬಾರದು, ಎಲ್ಲರಿಗೂ ಗೊತ್ತಾಗಲಿ ಅಂತ ದೊಡ್ಡದಾಗಿ ಹೇಳಿದೆ. ಇಬ್ಬರು ಸದಸ್ಯರು ಹೌದು ಅಂದರು. ಅವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ, ಅದು ಬೇರೆ ಮಾತು.

ಅಧ್ಯಕ್ಷೆ ಒಪ್ಪಲಿಲ್ಲ. "ಹೆಸರು ಓದಿದ್ರೆ ನಾಳೆಯಿಂದ ಓಲೆ ಇರೋ ದನವೇ ಸಿಗಲ್ಲ ಸಾರ್. ಎಲ್ಲದರ ಕಿವಿ ಹರೀತಾರೆ. ಲಸಿಕೆಗೂ ಹಿಡ್ಕೊಡಲ್ಲ ಆಮೇಲೆ."

ನನಗೆ ಉತ್ತರ ಇರಲಿಲ್ಲ. ಅವರು ಹಸು ಸಾಕುವವರು, ನಾನು ಕಾಗದ ಓದುವವನು. ಎಷ್ಟು ಸರಳವಾದ ವಿಷಯ ನೋಡಿ: ಗುರುತು ಇರುವುದೇ ಅಪಾಯ ಅಂತ ಜನಕ್ಕೆ ಅನ್ನಿಸಿದರೆ ಗುರುತನ್ನೇ ಅಳಿಸುತ್ತಾರೆ. ಮೂರು ಹರಿದ ಕಿವಿ ಅದನ್ನು ಆಗಲೇ ಹೇಳಿತ್ತು, ನಾನು ಗಮನಿಸಿರಲಿಲ್ಲ.

ಅವರು ಸಂಜೆ ಹೊತ್ತು ಡೈರಿ ಕಾರ್ಯದರ್ಶಿಯನ್ನು ಕರೆದುಕೊಂಡು ಐದೂ ಮನೆಗೆ ಹೋದರು. ಪೊಲೀಸಿನವರಿಲ್ಲ, ನೋಟಿಸು ಇಲ್ಲ. ಟೊಮೆಟೊ ರೈತನ ಮನೆಯಲ್ಲಿ ಏನಾಯ್ತು ಅಂತ ಆಮೇಲೆ ಅವರೇ ಹೇಳಿದರು. ಆತ ಮೊದಲು "ಇಲ್ಲಕ್ಕ, ನಮ್ದಲ್ಲ" ಅಂದನಂತೆ. ಒಳಗಿಂದ ಅವನ ತಂದೆ ಕೂಗಿದರಂತೆ: "ನಮ್ದೇ ಕಣೋ. ನಾನೇ ಕೆರೆ ಹತ್ರ ಬಿಟ್ಟು ಬಂದಿದ್ದು." ಮಗನಿಗೆ ಅದು ಗೊತ್ತಿತ್ತೋ ಇಲ್ಲವೋ ನಾನು ಕೇಳಲು ಹೋಗಲಿಲ್ಲ.

ಐದರಲ್ಲಿ ನಾಲ್ಕು ಮನೆಯವರು ದನ ವಾಪಸ್ ಕಟ್ಟಿಕೊಂಡರು. ಒಬ್ಬರು ಕಟ್ಟಿಕೊಳ್ಳಲಿಲ್ಲ. ಮೇವಿನ ಹಣ ಕೊಡುತ್ತೇವೆ, ದನ ಬೇಡ ಅಂದರು. ಅದನ್ನೂ ಒಪ್ಪಿಕೊಂಡರು.

ಹೊಸ ಕಟ್ಟಳೆ ಬರೆದದ್ದು

ಮುಂದಿನ ಗ್ರಾಮಸಭೆಯಲ್ಲಿ "ಪಕ್ಕದೂರಿನವು" ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಹೆಸರು ಓದದಿದ್ದರೂ ವಿಷಯ ಊರಿಗೆಲ್ಲ ಗೊತ್ತಾಗಿತ್ತು. ಹಳ್ಳಿಯಲ್ಲಿ ಗುಟ್ಟು ಎಷ್ಟು ದಿನ ಇರುತ್ತೆ? ಆದರೆ ಯಾರೂ ಯಾರಿಗೂ ಬೆರಳು ತೋರಿಸಲಿಲ್ಲ. ಅದೇ ಬೇಕಾಗಿತ್ತು.

ಉಪವಿಧಿ ಮಾಡಲು ಹೋದರೆ ಮೇಲಿನವರ ಮಂಜೂರಾತಿ ಅಂತ ಅಲೆದಾಟ ಆಗುತ್ತೆ, ಮೊದಲು ಗ್ರಾಮಸಭೆಯ ನಿರ್ಣಯ ಅಂತ ಬರೆದು ನಡೆಸಿ ನೋಡೋಣ ಅಂತ ಪಿಡಿಒ ಹೇಳಿದರು. ನಡಾವಳಿ ಪುಸ್ತಕದಲ್ಲಿ ಎರಡು ಪುಟ ಬರೆದರು.

ಮುಖ್ಯವಾದದ್ದು ಕಾಲದ ಬದಲು ಜಾಗವನ್ನು ಹಿಡಿದದ್ದು. ಹಳ್ಳದ ಮೂಡಣಕ್ಕೆ ಇನ್ನೂ ಮಳೆ ಬೇಸಾಯ. ಅಲ್ಲಿ ಹಳೇ ಪದ್ಧತಿಯಂತೆ ಸಂಕ್ರಾಂತಿಯಿಂದ ಯುಗಾದಿವರೆಗೆ ದನ ಬಿಡಬಹುದು. ಪಡುವಣಕ್ಕೆ ವರ್ಷ ಪೂರ್ತಿ ಬಿಡುವಂತಿಲ್ಲ. ಗಡಿ ಎಲ್ಲಿ ಅಂತ ಯಾರೂ ಕಲ್ಲು ನೆಡಬೇಕಾಗಲಿಲ್ಲ, ಹಳ್ಳವೇ ಇತ್ತು. ಹಿರಿಯರು ಇದನ್ನು ಕೂಡಲೇ ಒಪ್ಪಿದರು. ಯಾಕೆಂದರೆ ಅವರ ಕಟ್ಟಳೆ ತಪ್ಪು ಅಂತ ಯಾರೂ ಹೇಳಿರಲಿಲ್ಲ, ಅರ್ಧ ಊರಿಗೆ ಅದು ಹಾಗೇ ಉಳಿಯಿತು.

ದನ ಕಾಯಲು ಒಬ್ಬರನ್ನು ಗೊತ್ತುಮಾಡಿದರು. ದನಕ್ಕೆ ಇಷ್ಟು ಅಂತ ಸಂಬಳ. ಹಾಲು ಹಾಕುವವರ ಬಟವಾಡೆಯಲ್ಲೇ ಡೈರಿಯವರು ಹಿಡಿದು ಕೊಡುವುದು. ಇದು ಡೈರಿ ಕಾರ್ಯದರ್ಶಿಯ ಯೋಚನೆ. ಕೈಯಿಂದ ಕೊಡಿ ಅಂದರೆ ಕೊಡದವರು ಬಟವಾಡೆಯಲ್ಲಿ ಹಿಡಿದರೆ ಸುಮ್ನಿರುತ್ತಾರೆ. ಹಿಂಡಿ, ಬೂಸಾ ಸಾಲ ಹಿಡಿಯುವುದು ಹಾಗೇ ಅಲ್ವಾ?

500ರ ದಂಡ ತೆಗೆದರು. ಅದರ ಬದಲು ದೊಡ್ಡಿಯಲ್ಲಿದ್ದ ದಿನಕ್ಕೆ ಮೇವಿನ ಖರ್ಚು ಮಾತ್ರ. ಎರಡನೇ ಸಲ ಸಿಕ್ಕರೆ ಎರಡರಷ್ಟು. ಗಂಡು ಕರು ಹುಟ್ಟಿದರೆ ಡೈರಿಯ ಪುಸ್ತಕದಲ್ಲಿ ಬರೆಸಬೇಕು. ಮಾರಿದರೆ, ಸತ್ತರೆ, ಯಾರಿಗಾದರೂ ಕೊಟ್ಟರೆ ಅದನ್ನೂ ಬರೆಸಬೇಕು. ಪಶು ಆಸ್ಪತ್ರೆಯ ವೈದ್ಯರು ಲಿಂಗ ಬೇರ್ಪಡಿಸಿದ ವೀರ್ಯದ ಕಡ್ಡಿಯ ಬಗ್ಗೆ ಹೇಳಿದರು. ಅದನ್ನು ಕೊಡಿಸಿದರೆ 100ಕ್ಕೆ 90ರಷ್ಟು ಹೆಣ್ಣು ಕರುವೇ ಹುಟ್ಟುತ್ತದೆ. ನನ್ನ ಪ್ರಕಾರ ಇಡೀ ನಿರ್ಣಯದಲ್ಲಿ ದೂರದವರೆಗೆ ಕೆಲಸ ಮಾಡಿದ್ದು ಈ ಸಾಲು. ಉಳಿದದ್ದೆಲ್ಲ ಹುಟ್ಟಿದ ದನಕ್ಕೆ ಸಂಬಂಧಿಸಿದ್ದು. ಇದು ಬೇಡದ ದನ ಹುಟ್ಟದಂತೆ ನೋಡಿಕೊಳ್ಳುವುದು.

ಕಿವಿ ಹರಿದ ಮೂರನ್ನು ಏನು ಮಾಡುವುದು ಅಂತ ತುಂಬ ಹೊತ್ತು ಮಾತಾಯಿತು. ಕೊನೆಗೆ ಯಾರಾದರೂ ಸಾಕುತ್ತೇವೆ ಅಂದರೆ ಅವರಿಗೇ, ಹಿಂದಿನದನ್ನು ಕೇಳುವುದಿಲ್ಲ ಅಂತಾಯಿತು. ಇಬ್ಬರು ಬಂದರು. ಒಬ್ಬರು ತಾವು ಒಯ್ದ ಹೋರಿಯನ್ನು ಸಣ್ಣ ಗಾಡಿಗೆ ಪಳಗಿಸಿದರು. ಬಿಸಿಲಿಗೆ ಮೊದಲು ಕೆಲಸ ಮುಗಿಸಿ ನೆರಳಿಗೆ ಕಟ್ಟುತ್ತಾರೆ. ಗೊಬ್ಬರ ಹೊಡೆಯಲು ಸಾಕು ಅನ್ನುತ್ತಾರೆ.

ಬಸವನ ಲೆಕ್ಕ

ಒಂದು ಪ್ರಾಣಿಯ ವಿಷಯದಲ್ಲಿ ಮಾತ್ರ ಸಭೆ ಎರಡು ಭಾಗವಾಯಿತು. ಅದು ದೇವರ ಬಸವ. ಮುದ್ರೆ ಹಾಕಿ ದೇವಸ್ಥಾನಕ್ಕೆ ಬಿಟ್ಟ ಹೋರಿ. ಅದನ್ನು ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಅದು ಹೊಲಕ್ಕೆ ಬಂದರೆ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ಆ ನಂಬಿಕೆ ರಾಗಿ ಹೊಲದಲ್ಲಿ ಹುಟ್ಟಿದ್ದು. ಬೀನ್ಸ್ ಹೊಲದ ಹುಡುಗರಿಗೆ ಅಷ್ಟು ಭಕ್ತಿ ಇರಲಿಲ್ಲ.

"ಬಸವಪ್ಪನ್ನ ದೊಡ್ಡಿಗೆ ಹಾಕ್ತೀರೇನ್ರೋ?" ಅಂತ ಒಬ್ಬರು ಎದ್ದೇ ನಿಂತರು. ಯಾರೂ ಹಾಗೆ ಹೇಳಿರಲಿಲ್ಲ. ಆದರೂ ಗದ್ದಲ ಆಯಿತು. ಕೊನೆಗೆ ತಳವಾರರ ಮನೆಯ ಒಬ್ಬ ಹಿರಿಯ ಹೆಂಗಸು ಹೇಳಿದ ದಾರಿ ನಿಂತಿತು. ಹೊಟ್ಟೆ ತುಂಬಿದ ಬಸವ ಯಾಕೆ ಹೊಲಕ್ಕೆ ಹೋಗುತ್ತೆ? ಸಂಜೆ ದೇವಸ್ಥಾನದ ಮುಂದೆ ಸರದಿಯಂತೆ ಒಂದೊಂದು ಮನೆಯವರು ಹುಲ್ಲು, ಹಿಂಡಿ ಇಡಲಿ. ಆದರೂ ಹೋಗಿ ಮೇಯ್ದರೆ ನಷ್ಟವನ್ನು ದೇವಸ್ಥಾನದ ಹುಂಡಿಯಿಂದ ಕಟ್ಟಿಕೊಡಲಿ.

ಸರದಿ ಆರು ತಿಂಗಳು ಚೆನ್ನಾಗಿ ನಡೆಯಿತು. ಹುಂಡಿಯಿಂದ ಎರಡು ಸಲ ಹಣ ಕೊಟ್ಟರು. ಮೂರನೇ ಸಲ ಕೇಳಿದಾಗ ಕೊಡಲಿಲ್ಲ. ಕೇಳಿದವನೂ ಜಾಸ್ತಿ ಒತ್ತಾಯ ಮಾಡಲಿಲ್ಲ. ದೇವರ ಹತ್ತಿರ ಎಷ್ಟು ಅಂತ ಜಗಳ ಆಡೋದು?

ನಡೆದದ್ದು, ನಿಂತದ್ದು

ನಿರ್ಣಯ ಆದ ಎರಡು ಮೂರು ತಿಂಗಳಿಗೇ ಚರ್ಮಗಂಟು ರೋಗ ಬಂತು. 2022ರ ಆ ದಿನಗಳು ದನ ಸಾಕುವವರಿಗೆ ಮರೆಯುವಂಥದ್ದಲ್ಲ. ಜಾತ್ರೆ, ಸಂತೆ ನಿಂತವು. ಎಲ್ಲರ ದನವನ್ನೂ ಒಟ್ಟಿಗೆ ಕಾಯುವ ಏರ್ಪಾಡನ್ನು ಊರಿನವರೇ ನಿಲ್ಲಿಸಿದರು. ಕಾಯುವವನ ಸಂಬಳವೂ ನಿಂತಿತು. ಅವನು ಅಡಕೆ ಸುಲಿಯಲು ಹೋದ. ಕೆಲಸವಿಲ್ಲದ ತಿಂಗಳಿಗೂ ಒಂದಿಷ್ಟು ಕೊಟ್ಟು ಅವನನ್ನು ಉಳಿಸಿಕೊಳ್ಳಬೇಕಿತ್ತು. ಅದನ್ನು ಯಾರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಮುಂದಿನ ವರ್ಷ ಅಷ್ಟೇ ಸಂಬಳಕ್ಕೆ ಇನ್ನೊಬ್ಬರು ಸಿಗಲಿಲ್ಲ, ಹೆಚ್ಚಿಸಬೇಕಾಯಿತು.

2023ರಲ್ಲಿ ಬರ. ಹುಲ್ಲಿನ ಬೆಲೆ ಏರಿತು. ರಸ್ತೆಯಲ್ಲಿ ಮತ್ತೆ ದನ ಕಾಣಿಸಿದವು. ಆದರೆ ಹಿಂದಿನಷ್ಟಲ್ಲ. ಎಷ್ಟು ಬಿಟ್ಟಿದ್ದಾರೆ, ಯಾರು ಬಿಟ್ಟಿದ್ದಾರೆ ಎಂಬುದು ಡೈರಿಯ ಕರು ಪುಸ್ತಕದಿಂದ ಹೆಚ್ಚು ಕಡಿಮೆ ಗೊತ್ತಾಗುತ್ತಿತ್ತು. ಪಂಚಾಯ್ತಿಯವರು ನಾಲ್ಕು ಮನೆಗೆ ಹೋಗಿ, ಬಿಟ್ಟ ದನ ಕಟ್ಟಿಕೊಂಡರೆ ಡೈರಿಯಿಂದ ಸಾಲಕ್ಕೆ ಮೇವು ಕೊಡಿಸುತ್ತೇವೆ ಅಂದರು. ಮೂವರು ಕಟ್ಟಿಕೊಂಡರು. ಕರೆಂಟು ಬೇಲಿ ಮತ್ತೆ ಯಾರೂ ಹಾಕಲಿಲ್ಲ. ಹಾಕಿದ್ದು ಯಾರು ಎಂಬುದು ಇವತ್ತಿಗೂ ಹೊರಗೆ ಬಂದಿಲ್ಲ. ಸತ್ತ ಹಸುವಿಗೆ ವಿಮೆ ಇರಲಿಲ್ಲ. ಆಕೆಗೆ ಊರಿನವರು ಸೇರಿ ಕೊಟ್ಟದ್ದು ಒಂದು ಕರುವಿನ ಬೆಲೆಗೂ ಸಾಲಲಿಲ್ಲ.

ಇಂಥದ್ದೇ ತೊಂದರೆ ಇರುವ ಬೇರೆ ಪಂಚಾಯ್ತಿಯವರು ಈಗ ನನ್ನನ್ನು ಕೇಳಿದರೆ ದಂಡ ಎಷ್ಟು ಅಂತ ಮೊದಲು ಮಾತಾಡುವುದಿಲ್ಲ. ರಸ್ತೆಯಲ್ಲಿರುವ ದನವನ್ನು ಎಣಿಸಿ ಅನ್ನುತ್ತೇನೆ. ಎಷ್ಟು ಗಂಡು, ಎಷ್ಟು ಮುದಿ ಹಸು, ಎಷ್ಟಕ್ಕೆ ಓಲೆ, ಎಷ್ಟು ಕಿವಿ ಹರಿದಿದೆ. ಸಂಜೆ ಮನೆಗೆ ಹೋಗುವ ದನವನ್ನೂ ಹೋಗಲು ಮನೆಯೇ ಇಲ್ಲದ ದನವನ್ನೂ ಬೇರೆ ಬೇರೆ ಬರೆಯಿರಿ ಅನ್ನುತ್ತೇನೆ. ಮೊದಲನೆಯದಕ್ಕೆ ದೊಡ್ಡಿ ಸಾಕು. ಎರಡನೆಯದಕ್ಕೆ ದೊಡ್ಡಿ ಕಟ್ಟಿದರೆ ಅದು ಗೋಶಾಲೆ ಆಗುತ್ತೆ, ಅದನ್ನು ನಡೆಸುವ ದುಡ್ಡು ಪಂಚಾಯ್ತಿಯಲ್ಲಿ ಇರುವುದಿಲ್ಲ.

ಮೇಕೆಯ ಸಾಲು

ಒಂದು ವಿಷಯ ನನ್ನ ಮನಸ್ಸಿನಲ್ಲಿ ಚುಚ್ಚುತ್ತಲೇ ಇದೆ. ಪಡುವಣಕ್ಕೆ ವರ್ಷವಿಡೀ ಬಾಗಿಲು ಹಾಕಿದಾಗ ನಾವು ಯೋಚಿಸಿದ್ದು ದನ ಮತ್ತು ಬೆಳೆ ಎರಡನ್ನೇ. ಅಲ್ಲಿನ ಬದುಗಳ ಮೇಲೆ ಮೇಕೆ ಮೇಯಿಸುತ್ತಿದ್ದವರಿಗೆ ಹೊಲವೇ ಇಲ್ಲ. ಡೈರಿಯ ಬಟವಾಡೆಯೂ ಇಲ್ಲ, ಅದಕ್ಕೇ ಸಭೆಯಲ್ಲಿ ಅವರ ಮಾತಿಗೆ ತೂಕವೂ ಇರಲಿಲ್ಲ. ಹಿಂದೆ ದಂಡ ಕಟ್ಟಿದ್ದ ಆ ಅಜ್ಜಿ ಕೊನೆಯಲ್ಲಿ ಎದ್ದು "ನಮ್ ಮೇಕೆ ಎಲ್ಲಿಗೆ ಹೊಡ್ಕೊಂಡು ಹೋಗ್ಲವ್ವಾ?" ಅಂತ ಅಧ್ಯಕ್ಷೆಯನ್ನು ಕೇಳಿದರು. ಕೆರೆ ಅಂಗಳ ಅಂತ ಬರೆದರು. ಕೆರೆ ಎಷ್ಟೋ ವರ್ಷದಿಂದ ಒಣಗಿತ್ತು, ಜಾಲಿ ಬೆಳೆದಿತ್ತು, ಮೇಕೆಗೆ ಚೆನ್ನಾಗಿತ್ತು.

ಅದೇ 2022ರ ಮಳೆಗೆ ಕೆರೆ ಕೋಡಿ ಬಿತ್ತು. ಊರಿನವರೆಲ್ಲ ಹೋಗಿ ಬಾಗಿನ ಕೊಟ್ಟು ಫೋಟೋ ತೆಗೆಸಿಕೊಂಡರು. ಅಜ್ಜಿ ಆ ವರ್ಷ ಐದು ಮೇಕೆ ಮಾರಿದರು.

ಮುಂದಿನ ಸಭೆಯಲ್ಲಿ ಅಧ್ಯಕ್ಷೆ ಅದನ್ನು ತಾವೇ ಎತ್ತಿದರು. ನೀಲಗಿರಿ ತೋಪಿನ ಅಂಚು, ರಸ್ತೆ ಬದಿ, ಶಾಲೆಯ ಹಿಂದಿನ ಜಾಗ ಅಂತ ಏನೇನೋ ಮಾತು ಬಂತು. ಒಂದಕ್ಕೂ ಎಲ್ಲರೂ ಒಪ್ಪಲಿಲ್ಲ. "ಕೆರೆ ತುಂಬಿದ ವರ್ಷ ಮೇಕೆ ಮೇಯಿಸುವ ಜಾಗ" ಅಂತ ಬರೆದು, ಮುಂದೆ ತೀರ್ಮಾನ ಆದಾಗ ತುಂಬಿಸೋಣ ಅಂತ ಎರಡು ಸಾಲು ಬಿಡಿಸಿದರು. ಕಳೆದ ಸಲ ಹೋದಾಗ ನಡಾವಳಿ ಪುಸ್ತಕ ತೆಗೆಸಿ ನೋಡಿದೆ. ಆ ಎರಡು ಸಾಲು ಇನ್ನೂ ಖಾಲಿ ಇವೆ. ಅಜ್ಜಿಯ ಹತ್ತಿರ ಈಗ ಮೂರು ಮೇಕೆ ಇವೆ. ಮನೆ ಮುಂದೆ ಹಗ್ಗದಲ್ಲಿ ಕಟ್ಟಿ ಸಾಕುತ್ತಿದ್ದಾರೆ.